ಕ್ಯಾನಿನ ತಳದ ನೀರು

ರಾಯಚೂರಿನ ಒಂದು ಸಣ್ಣ ಖಾಸಗಿ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವುದು ನನ್ನ ಕೆಲಸ. ಬಂದ ಹಾಲಿಗೆ ಲ್ಯಾಕ್ಟೋಮೀಟರ್ ಬಿಡಬೇಕು. ಅದು ಆಳಕ್ಕೆ ಮುಳುಗಿದರೆ ನೀರು ಬೆರೆತಿದೆ ಎಂದರ್ಥ, ಕ್ಯಾನು ವಾಪಸು. ಹಾಗೆ ವಾಪಸಾಗುವ ಕ್ಯಾನಿನ ಮುಚ್ಚಳದ ಮೇಲೆ ಸೀಮೆಸುಣ್ಣದಿಂದ ‘ನೀರು’ ಎಂದು ದೊಡ್ಡದಾಗಿ ಬರೆಯುವ ಪದ್ಧತಿ ನನ್ನದೇ ತಲೆಯಿಂದ ಹುಟ್ಟಿದ್ದು. ಆ ಕ್ಯಾನು ಗಾಡಿಯಲ್ಲಿ ಊರೂರು ದಾಟಿ ಎಲ್ಲರ ಕಣ್ಣೆದುರು ಹೋಗುತ್ತಿತ್ತು. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಒಂದು ಬೇಸಿಗೆಯಲ್ಲಿ ಬೋರು ಕೈಕೊಟ್ಟಿತು. ಡೇರಿಯಲ್ಲಿ ಕ್ಯಾನು, ಪೈಪು, ನೆಲ ಎಲ್ಲವನ್ನೂ ದಿನಾ ತೊಳೆಯಲೇಬೇಕು, ಟ್ಯಾಂಕರ್ ನೀರು ಸಾಲುತ್ತಿರಲಿಲ್ಲ. ಹಾಗಾಗಿ ಕ್ಯಾನುಗಳನ್ನು ಕೊನೆಗೊಮ್ಮೆ ಜಾಲಾಡಿಸಿದ ನೀರನ್ನು ಚರಂಡಿಗೆ ಬಿಡದೆ ಹಿಡಿದು, ಸೋಸಿ, ಮರುದಿನ ಮೊದಲ ಸಲ ತೊಳೆಯಲು ಬಳಸತೊಡಗಿದೆವು. ಅಂಗಳದ ತುಂಬ ಬೋರಲು ಹಾಕುತ್ತಿದ್ದ ಕ್ಯಾನುಗಳನ್ನು ಈಗ ಒಂದು ತಗಡಿನ ತೊಟ್ಟಿಯ ಮೇಲೆ ಸರದಿಯಂತೆ ಬೋರಲು ಹಾಕಿದೆವು. ಹನಿ ನೀರೂ ಪೋಲಾಗಬಾರದಲ್ಲ. ನಾನೇ ಗಾಡಿ ಹತ್ತಿ ಹೋಗಿ ಹಾಲು ಹಾಕುವವರಿಗೆಲ್ಲ ಹೇಳಿ ಬಂದೆ: “ಕ್ಯಾನು ಇಲ್ಲಿಂದಾನ ಚೊಕ್ಕ ಆಗಿ ಬರ್ತದ, ನೀವು ಮತ್ತ ತೊಳೀಬ್ಯಾಡ್ರಿ. ಮುಚ್ಚಳ ತೆಗದು ಹಾಲು ಸುರೀರಿ, ಅಷ್ಟಾ.”

ಕೆಲ ದಿನಕ್ಕೆ ದೇವದುರ್ಗದ ಕಡೆಯ ಒಂದು ಹಳ್ಳಿಯಿಂದ, ವಯಸ್ಸಾದ ಹೆಣ್ಣುಮಗಳೊಬ್ಬಳ ಹಾಲು ತೆಳ್ಳಗೆ ಬಂತು. ಎರಡೇ ಎಮ್ಮೆ, ಕ್ಯಾನಿನ ತಳ ಮುಚ್ಚುವಷ್ಟು ಹಾಲು. ಮೂರು ದಿನವೂ ಅದೇ ಕತೆ, ಮೂರು ದಿನವೂ ಮುಚ್ಚಳದ ಮೇಲೆ ಬರೆದು ಕಳಿಸಿದೆ. ನಾಲ್ಕನೆಯ ದಿನ ಆಕೆ ಬಸ್ಸು ಹತ್ತಿ ಡೇರಿಗೇ ಬಂದಳು.

“ಯಪ್ಪಾ, ನಾ ನೀರು ಹಾಕಿಲ್ಲ. ತಳದಾಗ ನೀವು ಔಷಧಿ ನೀರು ಹಾಕಿ ಕಳಸ್ತೀರಲ್ಲ, ಅದನ್ನ ಬಿಟ್ರ ಒಂದು ಹನಿ ಹಾಕಿಲ್ಲ.”

“ಯಾವ ಔಷಧಿ ಬೇ ಯವ್ವಾ?”

“ಹಾಲು ಕೆಡಬಾರದಂತ ಹಾಕಿರ್ತೀರಲ್ಲ. ಅದಕ್ಕಾ ಅಲ್ಲೇನು ನೀ ತೊಳೀಬ್ಯಾಡ್ರಿ ಅಂದಿದ್ದು?”

ನಾವೆಲ್ಲ ನಕ್ಕೆವು. “ಮುದಿಕಿ ಭಾರಿ ಕಿಲಾಡಿ ಅದಾಳ” ಅಂದ ಕ್ಯಾನು ತೊಳೆಯುವವ. ಆಕೆ ಅವನ ಕಡೆ ನೋಡಲೂ ಇಲ್ಲ. “ಹಾಲು ಬ್ಯಾಡಂದ್ರ ಬ್ಯಾಡಪ್ಪಾ. ಊರಾಗ ನನ್ನ ನೀರ್‌ಹಾಲಾಕಿ ಅನ್ನಾಕತ್ತಾರ. ಆ ಮಾತೊಂದು ತೆಗಿ” ಅಂದಳು. ಮೀಟರ್ ಸುಳ್ಳು ಹೇಳುವುದಿಲ್ಲ ಎಂದು ಹೇಳಿ ಆಕೆಗೆ ಕ್ಯಾನು ಕಳಿಸುವುದನ್ನೇ ನಿಲ್ಲಿಸಿ ಕೈ ತೊಳೆದುಕೊಂಡೆ.

ವಾರ ಕಳೆದಿರಬೇಕು. ಕ್ಯಾನು ಹೇರುವ ಆಳು ರಜೆ ಹಾಕಿದ್ದ, ದೇವದುರ್ಗದ ಗಾಡಿಗೆ ತೊಳೆದ ಕ್ಯಾನುಗಳನ್ನು ನಾನೇ ಎತ್ತಿಡಬೇಕಾಯಿತು. ಒಂದನ್ನು ಎತ್ತಿದೆ, ಒಳಗೆ ನೀರು ಕುಲುಕಿತು. ಮುಚ್ಚಳ ತೆಗೆದರೆ ತಳದಲ್ಲಿ ಅರ್ಧ ತಂಬಿಗೆಯಷ್ಟು ನೀರು. ತೊಟ್ಟಿ ಚಿಕ್ಕದು, ದೇವದುರ್ಗದ ಗಾಡಿ ಎಲ್ಲಕ್ಕಿಂತ ಮೊದಲು ಹೊರಡುತ್ತದೆ. ಆ ಕ್ಯಾನುಗಳಿಗೆ ಬೋರಲು ನಿಂತು ಸೋರುವಷ್ಟು ಹೊತ್ತೇ ಸಿಗುತ್ತಿರಲಿಲ್ಲ. ಮಾನ್ವಿಯ ಗಾಡಿ ತಡವಾಗಿ ಹೊರಡುತ್ತಿದ್ದರಿಂದ ಅದರ ಕ್ಯಾನುಗಳು ಒಣಗಿರುತ್ತಿದ್ದವು. ದೇವದುರ್ಗದ ಕಡೆಯ ಉಳಿದವರು ನನ್ನ ಮಾತನ್ನು ಗಾಳಿಗೆ ತೂರಿ, ಮೊದಲಿನಂತೆಯೇ ಕ್ಯಾನು ತೊಳೆದು ಬಗ್ಗಿಸಿಕೊಳ್ಳುತ್ತಿದ್ದರು. ನನ್ನ ಮಾತು ನಂಬಿ ನಡೆದವಳು ಆಕೆಯೊಬ್ಬಳೇ.

ಮ್ಯಾನೇಜರಿಗೆ ಹೇಳಿದೆ. “ತೊಟ್ಟಿ ಉದ್ದ ಮಾಡ್ಸೂಣು. ಇದನ್ನ ಎಲ್ಲೂ ಆಡಬ್ಯಾಡ್ರಿ” ಅಂದರು. ತೊಟ್ಟಿ ಉದ್ದವಾಯಿತು. ಟ್ಯಾಂಕರ್ ಬರುವುದು ಕಡಿಮೆಯಾಯಿತು. ಮಾನ್ವಿಯಿಂದ ಯಾರೋ ನಮ್ಮ ನೀರು ಉಳಿಸುವ ವ್ಯವಸ್ಥೆ ನೋಡಲು ಬಂದರು, ತೊಟ್ಟಿಯಿಂದ ಸೋಸಿದ ನೀರಿನ ಟಾಕಿಯವರೆಗೆ ಎಲ್ಲ ತೋರಿಸಿ ವಿವರಿಸಿದವನು ನಾನೇ. ಅವರು ಹೊಗಳಿದರು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಊಟ ಸೇರುತ್ತಿತ್ತು, ನಿದ್ದೆ ಬರುತ್ತಿತ್ತು. ಒಳಗೆ ಏನೋ ಜೋಮು ಹಿಡಿದ ಹಾಗೆ, ಚಿವುಟಿದರೂ ತಿಳಿಯುತ್ತಿರಲಿಲ್ಲ.

ಮಳೆಗಾಲ ಮುಗಿದ ಮೇಲೆ ಒಂದು ರಜೆಯ ದಿನ ಆ ಹಳ್ಳಿಗೆ ಹೋದೆ. ಯಾಕೆ ಹೋದೆ ಎಂದು ಕೇಳಿದರೆ ಈಗಲೂ ಸರಿಯಾಗಿ ಹೇಳಲಾರೆ. ಆಕೆ ಬೆಣ್ಣೆ ಕಾಸುತ್ತಿದ್ದಳು. ಕೂಡಲು ಚಾಪೆ ಹಾಸಿದಳು.

“ಹಾಲು ಯಾರೂ ತೊಗೊಳ್ಳಂಗಿಲ್ಲ. ತುಪ್ಪಕ್ಕ ನೀರು ಹಾಕ್ಯಾಳ ಅಂತ ಯಾರೂ ಅನ್ನಂಗಿಲ್ಲ ನೋಡು” ಅಂದಳು. ಗೊಣಗಾಟವಿರಲಿಲ್ಲ, ಸುಮ್ಮನೆ ಹೇಳಿದಳು.

“ಯವ್ವಾ, ಆ ನೀರು ನಮ್ದಾ ಇತ್ತು. ಕ್ಯಾನು ತೊಳದದ್ದು ಉಳಿದಿತ್ತು. ನಿಂದೇನೂ ತಪ್ಪಿಲ್ಲ.”

ಆಕೆ ಒಲೆಯ ಉರಿ ಸಣ್ಣ ಮಾಡಿದಳು. “ನನಗ್ಯಾಕ ಹೇಳ್ತೀಯಪ್ಪಾ? ನಾ ಹಾಕಿಲ್ಲಂತ ನನಗ ಗೊತ್ತದ. ಊರಾಗ ಹೇಳು.”

ಹೂಂ ಅಂದು ಎದ್ದೆ. ಬಸ್ಸು ನಿಲ್ಲುವಲ್ಲಿ ಚಹಾದಂಗಡಿ, ನಾಲ್ಕಾರು ಜನ ಕೂತಿದ್ದರು. ಡೇರಿಯವನೆಂದು ಗುರುತು ಹಿಡಿದು ಜಾಗ ಕೊಟ್ಟು ಚಹಾ ಹೇಳಿದರು. ಅವರಲ್ಲೊಬ್ಬ ಹಿರಿಯರು, “ಆ ಮುದಿಕಿ ಮನಿಗಿ ಹೋಗಿದ್ರೇನ್ರಿ? ಹಾಲಿಗಿ ನೀರು ಹಾಕ್ತಿದ್ಲಂತಲ್ಲ, ಖರೇನಾ?” ಎಂದು ತಾವಾಗಿಯೇ ಕೇಳಿದರು.

ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. “ಹಳೀ ಮಾತು ಬಿಡ್ರಿ” ಅಂದೆ.

ಅವರೆಲ್ಲ ಅರ್ಥವಾಯಿತೆಂಬಂತೆ ತಲೆಯಾಡಿಸಿದರು.