ಸತ್ತವರು ಏಳಬಾರದು

ಎಪ್ಪತ್ತರ ದಶಕದ ಕೊನೆಯಲ್ಲಿ ತುಮಕೂರು, ಗುಬ್ಬಿ, ಕುಣಿಗಲ್ಲಿನ ತಂಡಗಳು ಸೇರಿ ಹುತ್ರಿದುರ್ಗದ ಬುಡದಲ್ಲಿ ಕೋಟೆಯ ಹಳೆಯ ಮುತ್ತಿಗೆಯೊಂದನ್ನು ವರ್ಷಕ್ಕೊಮ್ಮೆ ಆಡಿ ತೋರಿಸುತ್ತಿದ್ದೆವು. ನಾನು ಇತಿಹಾಸದಲ್ಲಿ ಎಂ.ಎ. ಮಾಡಿ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದವನು. ಹಾಗಾಗಿ ಯಾರಿಗೂ ಪೆಟ್ಟಾಗದಂತೆ ನಿಯಮ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಕತ್ತಿ ಮರದ್ದೇ ಆಗಿರಬೇಕು, ತಲೆಗೆ ಬೀಸಬಾರದು, ಹತ್ತಿ ತುಂಬಿದ ಅಂಗಿಯಿಲ್ಲದೆ ಕಾಳಗಕ್ಕೆ ಇಳಿಯಬಾರದು.

ಆ ಅಂಗಿಗಳನ್ನು ಹೊಲಿದವನು ನನ್ನ ಗೆಳೆಯ, ತುಮಕೂರಿನ ಟೈಲರ್. ಕೋಟೆ ಕಾಯುವ ಸರದಾರನ ಪಾತ್ರವೂ ಅವನದೇ. ಮೆಷಿನ್ ತುಳಿಯುತ್ತಲೇ ಪಾತ್ರದ ಮಾತು ಬಾಯಿಪಾಠ ಮಾಡುತ್ತಿದ್ದ.

"ಏನ್ಲಾ, ಇದು ಅಂಗೀನೋ ಹಾಸಿಗೇನೋ?" ಎಂದು ರೇಗಿಸಿದರೆ, "ಹಾಕ್ಕೊಂಡು ಸತ್ತು ನೋಡು, ಒಳ್ಳೆ ನಿದ್ದೆ ಬರ್ತದೆ ಕಣೋ," ಎನ್ನುತ್ತಿದ್ದ.

ಗುಬ್ಬಿಯವರು ನಾಟಕದಲ್ಲಿ ಪಳಗಿದವರು. ಜನ "ಒನ್ಸ್ ಮೋರ್" ಎಂದರೆ ಸತ್ತ ರಾಜನೂ ಎದ್ದು, ಮೀಸೆ ತಿರುವಿ, ಇನ್ನೊಮ್ಮೆ ಸಾಯುವುದು ಅವರ ರೂಢಿ. ನಮಗೆಲ್ಲ ಅದು ನಗುವ ಸಂಗತಿ. ಅದಕ್ಕೂ ಒಂದು ನಿಯಮ ಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಒಂದು ವರ್ಷದ ಆಟದಲ್ಲಿ, ಮಧ್ಯಾಹ್ನ, ಸರದಾರ ಸತ್ತ. ಹೆಣವನ್ನು ಬಂಡೆಯ ಮರೆಗೆ ಹೊತ್ತು ತಂದರು. ಅವನು ಸೆಕೆ ತಾಳದೆ ಅಂಗಿ ಬಿಚ್ಚಿ ನೀರು ಕುಡಿಯುತ್ತಿದ್ದಾಗ ಒನ್ಸ್ ಮೋರ್ ಕೂಗು ಎದ್ದಿತು. ಕೊತ್ತಗೆರೆ ಕಡೆಯಿಂದ ಬಂದಿದ್ದ ಜನ ನಿಲ್ಲಿಸಲೇ ಇಲ್ಲ. ಎದುರಾಳಿಯ ಪಾತ್ರದ ಗುಬ್ಬಿಯ ಹಿರಿಯ ನಟರೊಬ್ಬರು ಆಗಲೇ ಕತ್ತಿ ಹಿರಿದು ನಿಂತಿದ್ದರು. ಗೆಳೆಯ ಬರಿಮೈಯಲ್ಲೇ ಓಡಿದ. "ಅಂಗಿ" ಎಂದು ನಾನು ಕೂಗಿದ ನೆನಪು. ನಿಜಕ್ಕೂ ಕೂಗಿದೆನೋ, ಕೂಗಬೇಕಿತ್ತೆಂದು ಆಮೇಲೆ ಅಂದುಕೊಂಡದ್ದೇ ನೆನಪಾಗಿ ಕೂತಿದೆಯೋ ತಿಳಿಯದು. ಕತ್ತಿ ಅವನ ಬಲಭುಜಕ್ಕೆ ಬಿತ್ತು. ಅವನು ನರಳಿದ. ಜನ ಚಪ್ಪಾಳೆ ತಟ್ಟಿದರು.

ಮೂಳೆ ಕೂಡಿಕೊಂಡಿತು. ಕೈ ಮಾತ್ರ ಎದೆಮಟ್ಟದಿಂದ ಮೇಲೇಳಲಿಲ್ಲ. ಹೊಲಿಯಬಹುದಿತ್ತು, ಕತ್ತಿ ಎತ್ತುವಂತಿರಲಿಲ್ಲ.

ಮುಂದಿನ ಸಭೆಯಲ್ಲಿ, ಸತ್ತವರು ಮತ್ತೆ ಏಳಬಾರದೆಂಬ ನಿಯಮ ಸೇರಿಸೋಣ ಎಂದೆ. "ಜನ ಕೇಳ್ದಾಗ ಇಲ್ಲ ಅನ್ನೋಕಾಯ್ತದಾ ಮೇಷ್ಟ್ರೇ?" ಎಂದರು ಗುಬ್ಬಿಯ ಆ ಹಿರಿಯ ನಟರು.

"ನನ್ ಕೈ ನೋಡ್ಬುಟ್ಟು ಹೇಳಣ್ಣ," ಎಂದ ಗೆಳೆಯ.

ಅವರು ಕೈಯತ್ತ ನೋಡಲಿಲ್ಲ. ನಿಯಮಕ್ಕೆ ಒಪ್ಪಿಕೊಂಡರು.

ಮರುವರ್ಷ ಸರದಾರನಾದವನು ಕುಣಿಗಲ್ಲಿನ ಹೊಸಬ. ಗೆಳೆಯ ಜನರ ನಡುವೆ ನನ್ನ ಪಕ್ಕದಲ್ಲಿ ಕೂತಿದ್ದ. ಸರದಾರ ಬಿದ್ದ ಕೂಡಲೇ ಒನ್ಸ್ ಮೋರ್ ಎಂದು ಮೊದಲು ಕೂಗಿದ್ದು ಗೆಳೆಯನೇ. ತಮಾಷೆ ಎಂದುಕೊಂಡು ನಾನು ನಕ್ಕೆ. ಅವನೂ ನಕ್ಕನೇ ಎಂಬುದು ನೆನಪಿಲ್ಲ. ಸುತ್ತಲಿನವರೂ ದನಿಗೂಡಿಸಿದರು. ಹೆಣ ಕದಲಲಿಲ್ಲ.

"ಏಳಲ್ಲ ಬುಡು," ಎಂದು ಅವನು ಎದ್ದು ಬಸ್ಸಿನ ಕಡೆ ನಡೆದ.

ಆಮೇಲೂ ಅಂಗಿಗಳನ್ನು ಹೊಲಿದು ಕಳಿಸುತ್ತಿದ್ದ. ಆಟ ನೋಡಲು ಮಾತ್ರ ಬರಲಿಲ್ಲ.