ಕೋರ್ಟಿನ ಬಾಗಿಲಲ್ಲಿ ಆಡಿದ ಮಾತು

ಮೂರು ವರ್ಷದ ಹಿಂದಿನ ಒಂದು ಸೋಮವಾರ. ಅರಸೀಕೆರೆ ಕೋರ್ಟಿನಲ್ಲಿ ನನ್ನ ಕೇಸಿನ ಕೊನೆಯ ವಾದ ನಡೆಯಬೇಕಿತ್ತು. ಗಂಡಸಿ ಹತ್ತಿರದ ನಮ್ಮ ತೆಂಗಿನ ತೋಟಕ್ಕೆ ಹೋಗುವ ದಾರಿಗೆ ಮೈದುನ ಬೇಲಿ ಹಾಕಿ ಆರು ವರ್ಷವಾಗಿತ್ತು. ಯಜಮಾನರು ತೀರಿಕೊಂಡ ಮೇಲೆ ನಮ್ಮ ಮನೆಗೆ ಆಧಾರವೆಂದರೆ ಆ ತೋಟವೊಂದೇ. ಬಿದ್ದ ಕಾಯಿಯನ್ನು ಪಕ್ಕದವರ ಹೊಲ ಬಳಸಿ ತಲೆ ಮೇಲೆ ಹೊತ್ತು ತರುತ್ತಿದ್ದೆ.

ನಮ್ಮ ಲಾಯರ್ ರಾಜಣ್ಣನವರು ಒಳ್ಳೆಯವರು. ಆದರೆ ಮಧ್ಯಾಹ್ನ ಒಂದು ಗಂಟೆಯಾಯಿತೆಂದರೆ ಎಷ್ಟೇ ಜನ ಕಾದಿರಲಿ, ಕರಿಕೋಟು ಬಿಚ್ಚಿ ಸ್ಕೂಟರ್ ಹತ್ತಿಬಿಡುವರು. ಹೆಂಡತಿ ಮತ್ತು ಮಗಳ ಜೊತೆ ಕೂತೇ ಉಣ್ಣಬೇಕು. ಎರಡಕ್ಕೆ ಸರಿಯಾಗಿ ವಾಪಸ್ ಬರುವರು ಅನ್ನಿ. ನನ್ನ ಬಾಯಿ ಮೊದಲೇ ಜೋರು. "ನಮ್ ಕೇಸಿಗಿಂತ ಊಟನೇ ಹೆಚ್ಚಾಯ್ತಾ ಸಾರ್ ನಿಮ್ಗೆ?" ಎಂದು ಒಮ್ಮೆ ಜಗಳಕ್ಕೇ ನಿಂತಿದ್ದೆ.

ಅವರು ನಕ್ಕು, "ಸಂಸಾರ ಮುರ್ಕೊಂಡೋರ್ನ ಇಲ್ಲಿ ದಿನಾ ನೋಡ್ತೀನಲ್ಲ ಸಾವಿತ್ರಮ್ಮ, ಅದ್ಕೇ ನನ್ ಸಂಸಾರನ ಒಂದ್ಸಲ ನೋಡ್ಕೊಂಡ್ ಬತ್ತೀನಿ" ಎಂದಿದ್ದರು.

ಭಾನುವಾರ ಸಂಜೆ ಅವರೇ ಫೋನ್ ಮಾಡಿ, "ನಾಳೆ ಏನೇ ಆದ್ರೂ ವಾಯಿದೆ ಕೇಳಲ್ಲ. ನೀವು ಮಾತ್ರ ತಪ್ಪಿಸ್ಬೇಡಿ" ಎಂದರು. ಬೆಳಗ್ಗೆ ಮೊದಲ ಬಸ್ಸಿಗೇ ಹೊರಟೆ.

ಕೋರ್ಟಿನ ಬಾಗಿಲಲ್ಲಿ ಕೂತಿದ್ದ ಅಜ್ಜನೊಬ್ಬ, "ಯಾರೋ ಲಾಯರ್ ತೀರ್ಕೊಂಡವ್ರಂತೆ ಕಣವ್ವ. ಇವತ್ತು ಕೆಲ್ಸ ಇಲ್ಲ, ಬರೀ ಡೇಟ್ ಕೊಡ್ತಾರಂತೆ" ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ಅಷ್ಟರಲ್ಲಿ ನಮ್ಮ ಲಾಯರ ಗುಮಾಸ್ತ ಮಹದೇವ ಎದುರಿಗೆ ಬಂದ. ಅವನು "ಅಕ್ಕಾ..." ಎಂದು ಬಾಯಿ ತೆರೆದ. ನಾನು ಬಿಡಬೇಕಲ್ಲ!

"ಅದ್ಯಾವ ಪುಣ್ಯಾತ್ಮನಪ್ಪ, ಸಾಯಕ್ಕೆ ಇವತ್ತೇ ಬೇಕಿತ್ತಾ ಅವನಿಗೆ? ನಾಳೆ ಸತ್ತಿದ್ರೆ ಆಗ್ತಿರ್ಲಿಲ್ವಾ?" ಎಂದು ಎಲ್ಲರಿಗೂ ಕೇಳುವಂತೆ ಕೂಗಿದೆ.

ಮಹದೇವ ಸಿಟ್ಟಾಗಲಿಲ್ಲ. "ನಮ್ ಸಾಹೇಬ್ರೇ ಕಣಕ್ಕ. ಬೆಳಗ್ಗೆ ಕೋಟು ಹಾಕ್ಕೊತಾ ಎದೆ ನೋವು ಅಂದ್ರಂತೆ. ಆಸ್ಪತ್ರೆಗೆ ಹೋಗೋ ಹೊತ್ಗೆ ಹೋಗ್ಬಿಟ್ಟಿದ್ರು" ಎಂದ.

ನನಗೆ ಅಳುವೂ ಬರಲಿಲ್ಲ. ಆಡಿದ ಮಾತು ಕಿವಿಯಲ್ಲೇ ನಿಂತಿತ್ತು.

ಮಹದೇವನೇ ಅವರ ಮನೆಗೆ ಕರೆದುಕೊಂಡು ಹೋದ. ಹಜಾರದಲ್ಲಿ ಮಲಗಿಸಿದ್ದರು. ತಲೆಯ ಹತ್ತಿರ ಮಗಳು ಕೂತಿದ್ದಳು. ಮಹದೇವ ನನ್ನ ಹೆಸರು ಹೇಳುತ್ತಿದ್ದಂತೆ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು, "ರಾತ್ರಿ ಊಟಕ್ಕೆ ಕೂತಾಗ ನಿಮ್ಮನ್ನೇ ನೆನೆಸ್ಕೊಂಡ್ರು. 'ನಾಳೆಯಿಂದ ಸಾವಿತ್ರಮ್ಮನ ಕೈಲಿ ಬೈಸ್ಕೊಳ್ಳೋದು ತಪ್ಪುತ್ತೆ' ಅಂತ ನಕ್ಕರು" ಎಂದು ಬಿಕ್ಕಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆಮೇಲೆ ಬೇರೊಬ್ಬ ಲಾಯರು, ರಾಜಣ್ಣನವರು ಬರೆದಿಟ್ಟಿದ್ದ ಟಿಪ್ಪಣಿ ನೋಡಿಕೊಂಡೇ ವಾದ ಮಾಡಿದರು. ಕೇಸ್ ಗೆದ್ದೆ. ಈಗ ಟೆಂಪೋ ತೋಟದೊಳಗೇ ಬರುತ್ತದೆ.

ಆ ದಾರಿಯಲ್ಲಿ ಬಂದ ಮೊದಲ ಎಳನೀರನ್ನು ರಾಜಣ್ಣನವರ ಮನೆಗೆ ಒಯ್ದೆ. ಎಲ್ಲವನ್ನೂ ಹೇಳಿ ಕ್ಷಮೆ ಕೇಳಬೇಕೆಂದೇ ಹೋಗಿದ್ದೆ. ಗಡಿಯಾರದಲ್ಲಿ ಒಂದು ಗಂಟೆ. ಆ ತಾಯಿ, ಗಂಡ ಕೂರುತ್ತಿದ್ದ ಜಾಗದಲ್ಲೇ ನನಗೆ ತಟ್ಟೆ ಹಾಕಿ, "ಊಟ ಮಾಡ್ಕೊಂಡು ಹೋಗಿ ಸಾವಿತ್ರಮ್ಮ" ಎಂದರು. ತಲೆ ಬಗ್ಗಿಸಿಕೊಂಡು ಉಂಡೆ. ಹೇಳಲು ಬಾಯೇ ಬರಲಿಲ್ಲ.

ಇಂದು ಇಲ್ಲಿ ಬರೆದಿದ್ದೇನೆ. ಆ ತಾಯಿ ಓದಲಿ.