ಪಿನ್ನಕ್ಕ ಮತ್ತು ತಂಗಿಯ ಮುಖ

ಪಿನ್ನಕ್ಕನಿಗೆ ಸಿಟ್ಟು ಬಂದರೆ ಮೊದಲು ಗೊತ್ತಾಗುವುದು ಬಟ್ಟೆಗೆ. ಅದೇನೋ ತನಗೆ ದ್ರೋಹ ಬಗೆದಿದೆ ಎಂಬಂತೆ ಇಸ್ತ್ರಿಪೆಟ್ಟಿಗೆ ಒತ್ತುತ್ತಾಳೆ. ಸದಾ ಅಂಗಿಯ ಅಂಚಿಗೆ ಸಾಲಾಗಿ ಪಿನ್ನು ಚುಚ್ಚಿಕೊಂಡು ಓಡಾಡುವುದರಿಂದ ಸ್ಟುಡಿಯೊದವರು ಇಟ್ಟ ಹೆಸರು ಅದು. ಮಹಿಳಾ ಪತ್ರಿಕೆಯೊಂದಕ್ಕೆ ಫೋಟೊ ತೆಗೆಸುವಾಗ ಯಾರಿಗೆ ಏನು ತೊಡಿಸಬೇಕು, ಹೇಗೆ ನಿಲ್ಲಿಸಬೇಕು ಎಂಬುದೆಲ್ಲ ಅವಳ ಕೆಲಸ.

ವರ್ಷಕ್ಕೊಮ್ಮೆ ಬಸುರಿಯರ ಉಡುಪಿನ ವಿಶೇಷ ಸಂಚಿಕೆ ಬರುತ್ತಿತ್ತು. ಅದರಲ್ಲಿ ಒಬ್ಬಳೂ ಬಸುರಿ ಇರುತ್ತಿರಲಿಲ್ಲ, ಅದೇ ಅದರ ವಿಶೇಷ! ಕಡ್ಡಿಯಂಥ ಹುಡುಗಿಯರಿಗೆ ಸ್ಪಂಜಿನ ಹೊಟ್ಟೆ ಕಟ್ಟುತ್ತಿದ್ದರು. ಐದು ತಿಂಗಳಿನದು, ಏಳು ತಿಂಗಳಿನದು, ದಿನ ತುಂಬಿದ್ದು ಎಂದು ಕಪಾಟಿನಲ್ಲಿ ಮೂರು ಹೊಟ್ಟೆ. ಊಟದ ಹೊತ್ತಿಗೆ ಹುಡುಗಿಯರು ಅದನ್ನು ಬಿಚ್ಚಿ ಕುರ್ಚಿಯ ಮೇಲೆಸೆದು ಹೋಗುತ್ತಿದ್ದರು.

"ಇಷ್ಟು ಸಲೀಸಾದ ಹೆರಿಗೆ ನಾನೆಲ್ಲೂ ನೋಡಿಲ್ಲ" ಎಂದು ಪಿನ್ನಕ್ಕ ಗೊಣಗುತ್ತಿದ್ದಳು.

ಈ ಸಲ ಸಂಪಾದಕಿಯ ತಲೆ ತಿಂದು, ನಿಜವಾದ ಬಸುರಿಯನ್ನೇ ಕರೆತರಲು ಒಪ್ಪಿಸಿದಳು. ಕರೆತಂದದ್ದು ಸ್ವಂತ ತಂಗಿಯನ್ನು. ಅವಳಿಗೆ ಎಂಟು ತಿಂಗಳು. ಮುಖ ಊದಿಕೊಂಡು, ಕೆನ್ನೆ ತುಂಬ ಕಪ್ಪು ಕಲೆ ಎದ್ದು, ಬಚ್ಚಲುಮನೆಯ ಕನ್ನಡಿಗೆ ಟವೆಲ್ ಹೊದಿಸಿಬಿಟ್ಟಿದ್ದಳು. ಗಂಡ ಫೋಟೊ ತೆಗೆಯಲು ಬಂದರೆ ಅಡುಗೆಮನೆ ಸೇರುತ್ತಿದ್ದಳು.

"ಈ ಮುಖಾನ ಯಾರು ನೋಡ್ತಾರೆ ಅಕ್ಕಾ?"

"ಊರೆಲ್ಲ ನೋಡುತ್ತೆ. ಅದರ ಹೊಣೆ ನಂದು. ಸುಮ್ನೆ ಬಾ."

ಮೊದಲ ಬಟ್ಟೆಗೇ ಗ್ರಹಚಾರ ಶುರುವಾಯಿತು. ಬಟ್ಟೆ ಕಳಿಸಿದ ಕಂಪನಿಯವರು ಅದನ್ನು ಹೊಲಿದದ್ದು ಕಡ್ಡಿ ಹುಡುಗಿಗೆ, ಅವಳ ಸ್ಪಂಜಿಗೆ. ಬಸುರಿಯರ ಉಡುಪು ಬಸುರಿಯ ತೋಳಿಗೇ ಏರಲಿಲ್ಲ. ಪಿನ್ನಕ್ಕ ಕಂಪನಿಯ ವಂಶವನ್ನೆಲ್ಲ ಜಾಲಾಡುತ್ತ ಬೆನ್ನಿನ ಹೊಲಿಗೆ ಬಿಚ್ಚಿ, ತನ್ನ ಪಿನ್ನುಗಳನ್ನೆಲ್ಲ ಅಲ್ಲಿ ಚುಚ್ಚಿ ನಿಲ್ಲಿಸಿದಳು. ಅದನ್ನು ನೋಡಿ ಫೋಟೊಗ್ರಾಫರ್ ಏನೋ ತಮಾಷೆ ಮಾಡಿದ. ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು, ಅವನು ಅದನ್ನೂ ಕ್ಲಿಕ್ಕಿಸಿದ. ಅವಳು ಹಾಗೆ ನಕ್ಕು ಎಷ್ಟೋ ದಿನವಾಗಿತ್ತು. ಆಮೇಲೆ ಸುಸ್ತೆಂದು ಪರದೆಯ ಹಿಂದೆ ಹೋಗಿ ಕುಳಿತಳು.

ಅಷ್ಟರಲ್ಲಿ ಸಂಪಾದಕಿ ಬಂದು ಕಂಪ್ಯೂಟರಿನಲ್ಲಿ ಫೋಟೊಗಳನ್ನು ನೋಡಿದಳು.

"ಹೊಟ್ಟೆ ತುಂಬ ಚೆನ್ನಾಗಿ ಬಂದಿದೆ. ಮುಖ ಬೇಡ, ಹೋದ ವರ್ಷದ ಹುಡುಗಿದು ಕೂರಿಸೋಣ. ಆದ್ರೆ ಕತ್ತಿನ ಹತ್ರ ಗೊತ್ತಾಗುತ್ತಲ್ಲ?"

"ಕಾಲರ್ ಎತ್ತಿ ಪಿನ್ ಹಾಕಿ ಇನ್ನೊಮ್ಮೆ ತೆಗೆದ್ರೆ ಗೊತ್ತಾಗಲ್ಲ ಮೇಡಂ" ಎಂದಳು ಪಿನ್ನಕ್ಕ.

ಹೌದು, ಅಂದದ್ದು ಅವಳೇ. ಬಟ್ಟೆಯ ತೊಡಕು ಕಿವಿಗೆ ಬಿದ್ದೊಡನೆ ಉಪಾಯ ಹೇಳಿ ಹೇಳಿ ಹಾಳು ನಾಲಿಗೆ ಪಳಗಿಬಿಟ್ಟಿತ್ತು. ಅದು ಯಾರ ಕತ್ತು ಎಂದು ತಲೆಗೆ ಹೋಗುವಷ್ಟರಲ್ಲಿ ಮಾತು ಹೊರಬಿದ್ದಾಗಿತ್ತು. ಪರದೆಯ ಆಚೆ ಕುರ್ಚಿ ಕಿರುಗುಟ್ಟಿತು.

ಆಗ ಬಂತು ನೋಡಿ ಸಿಟ್ಟು!

"ಬಸುರಿ ಬೇಡ, ಬರೀ ಅವಳ ಹೊಟ್ಟೆ ಬೇಕಾ ನಿಮಗೆ? ನಾಚಿಕೆ ಆಗಲ್ವಾ? ಅಳಿಸಿ! ಒಂದೂ ಉಳೀಬಾರ್ದು!"

"ಅವು ಪತ್ರಿಕೆಯ ಫೋಟೊಗಳು. ಹಾಗೆಲ್ಲ ಆಗಲ್ಲ."

"ಹಾಗಾದ್ರೆ ಇವತ್ತಿಂದ ನೀವೇ ಪಿನ್ ಚುಚ್ಕೊಂಡಿರಿ. ಬೆನ್ನು ಬಿಚ್ಚಿದ ಬಟ್ಟೆಗೆ ಕಂಪನಿಯವ್ರಿಗೆ ನೀವೇ ಉತ್ತರ ಹೇಳಿ."

ಫೋಟೊಗ್ರಾಫರ್ ಇಬ್ಬರ ಮುಖವನ್ನೂ ನೋಡಿದ. ಪಿನ್ನಕ್ಕನ ಮುಖಕ್ಕೇ ಹೆಚ್ಚು ಹೆದರಿರಬೇಕು. ಅವಳು ಪಕ್ಕದಲ್ಲಿ ನಿಂತು ನೋಡುತ್ತಿದ್ದಂತೆಯೇ ಎಲ್ಲವನ್ನೂ ಅಳಿಸಿದ. ಸಂಪಾದಕಿ ಬಾಗಿಲು ಬಡಿದುಕೊಂಡು ಹೋದಳು.

ಪಿನ್ನಕ್ಕ ಏದುಸಿರು ಬಿಡುತ್ತ ಪರದೆಯ ಹಿಂದೆ ಬಂದಳು. ತಂಗಿ ಬೆನ್ನು ಮಾಡಿ ಕುಳಿತಿದ್ದಳು.

"ಸರಿಯಾಗಿ ಮಾಡ್ದೆ ಕಣೇ ಅವಳಿಗೆ. ಒಂದೂ ಬಿಟ್ಟಿಲ್ಲ."

"ಅವಳು ನಂಗೇನು, ಯಾರೋ. ಬೇಡ ಅಂದ್ಲು, ಅನ್ಲಿ. ಕಾಲರ್ ಎತ್ತು ಅಂದಿದ್ದು ನೀನು."

ಪಿನ್ನಕ್ಕ ಅವಳ ಬೆನ್ನಿನ ಪಿನ್ನು ಬಿಚ್ಚತೊಡಗಿದಳು.

ಕೊನೆಯ ಪಿನ್ನು ಬಿಚ್ಚುವಾಗ ತಂಗಿ ಕೇಳಿದಳು: "ನಾನು ನಕ್ಕಿದ್ನಲ್ಲ, ಅದನ್ನೂ ಅಳಿಸಿದ್ಯಾ ಅಕ್ಕಾ? ಹೇಗಿದ್ದೆ ಅಂತ ನಾನಿನ್ನೂ ನೋಡೇ ಇರ್ಲಿಲ್ಲ."